ಇಪ್ಪತ್ತು, ಎಂಬತ್ತು, ಇಪ್ಪೊನ್, ಸಂಬೊನ್

12 ಜೂನ್ 2024, ಬುಧವಾರ

ಜಪಾನೀ ಭಾಷೆಯಲ್ಲಿ ಪೆನ್ಸಿಲ್, ಬಾಟಲಿ, ಕೊಡೆಯಂಥ ಉದ್ದನೆಯ ವಸ್ತುಗಳನ್ನು ಎಣಿಸುವಾಗ ಸಂಖ್ಯೆಗೆ ‘ಹೊನ್’ ಸೇರಿಸಬೇಕು. ಒಂದಕ್ಕೆ ಇಪ್ಪೊನ್, ಎರಡಕ್ಕೆ ನಿಹೊನ್, ಮೂರಕ್ಕೆ ಸಂಬೊನ್. ಪ, ಹ, ಬ ಅಂತ ಮೂರು ವೇಷ. ಇದನ್ನು ಉರು ಹೊಡೆಯುವ ಮೊದಲು ಕನ್ನಡದ ಎಣಿಕೆಯನ್ನೇ ಒಮ್ಮೆ ನೋಡಿಕೊಳ್ಳಿ: ಹತ್ತು, ಇಪ್ಪತ್ತು, ಮೂವತ್ತು, ಎಂಬತ್ತು.

ಹಳಗನ್ನಡದ ‘ಪತ್ತು’ ಪದದ ಮೊದಲಲ್ಲಿದ್ದಾಗ ಹತ್ತಾಯಿತು, ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ. ಒತ್ತು ಬಿದ್ದಲ್ಲಿ ಪಕಾರ ಉಳಿಯಿತು, ಅನುನಾಸಿಕದ ಪಕ್ಕ ಬಕಾರವಾಯಿತು, ಸ್ವರಗಳ ನಡುವೆ ವಕಾರವಾಯಿತು. ಜಪಾನಿಯ ಹಕಾರವೂ ಮೂಲದಲ್ಲಿ ಪಕಾರವೇ. ನಡುಗಾಲದಲ್ಲಿ ಅದು ಎರಡೂ ತುಟಿಗಳ ನಡುವಿನಿಂದ ಊದುವ ಧ್ವನಿಯಾಗಿತ್ತು; 1603ರಲ್ಲಿ ನಾಗಸಾಕಿಯಲ್ಲಿ ಜೆಸ್ವಿಟ್ ಪಾದ್ರಿಗಳು ಅಚ್ಚು ಹಾಕಿಸಿದ ಜಪಾನೀ-ಪೋರ್ಚುಗೀಸ್ ನಿಘಂಟಿನಲ್ಲಿ ಹೂವು ಎಂಬರ್ಥದ ‘ಹನ’ ಇರುವುದು ‘ಫನ’ ಎಂದು. ‘ಫು’ ಅಕ್ಷರದಲ್ಲಿ ಆ ಊದು ಇಂದಿಗೂ ಇದೆ. ದೀಪ ಆರಿಸುವ ಹಾಗೆ ಹೇಳಬೇಕು, ಮೇಲಿನ ಹಲ್ಲು ಕೆಳತುಟಿಗೆ ತಗಲಿತೋ ಕೆಟ್ಟಿತು.

ಅಕ್ಷರಮಾಲೆಯೂ ಇದಕ್ಕೆ ಸಾಕ್ಷಿ: ಕ ಸ ತ ನ ಹ ಮ ಯ ರ ವ. ಸಂಸ್ಕೃತದ ಅಕ್ಷರಗಳನ್ನು ಓದಿದ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮ ಇದು. ನ, ಮ ನಡುವೆ ಕೂತ ಹಕಾರದ್ದು ಪವರ್ಗದ ಜಾಗ. ಮೇಲೆ ಎರಡು ಪುಟ್ಟ ಗೀಟು ಎಳೆದರೆ ಕ ಹೋಗಿ ಗ, ತ ಹೋಗಿ ದ. ಆದರೆ ಹ ಹೋಗಿ ಬ. ಹ ಇದ್ದಲ್ಲಿ ಪ ಓದಿಕೊಂಡರೆ ಲೆಕ್ಕ ಕೂಡುತ್ತದೆ.

ಒತ್ತು ಬರುವುದು 1, 6, 8, 10ಕ್ಕೆ. ಈ ಸಂಖ್ಯೆಗಳು ಚೀನಿಯಿಂದ ಬರುವಾಗ ಕೊನೆಯಲ್ಲಿ ಕ್ರಮವಾಗಿ ತ್, ಕ್, ತ್, ಪ್ ಇತ್ತು. ಇತ್ + ಪೊನ್ = ಇಪ್ಪೊನ್, ರೊಕ್ + ಪೊನ್ = ರೊಪ್ಪೊನ್; ಶುದ್ಧ ವ್ಯಂಜನಸಂಧಿ. 8 ಹಪ್ಪೊನ್. 10 ಹಿಂದೆ ಜಿಪ್ಪೊನ್, ಈಗ ಹೆಚ್ಚಾಗಿ ಜುಪ್ಪೊನ್. ನಾಲ್ಕರ ‘ಯೊನ್’ ಅಚ್ಚ ಜಪಾನೀ, ಹಾಗಾಗಿ ನಕಾರ ಇದ್ದರೂ ಯೊನ್‌ಹೊನ್ ಅಷ್ಟೇ.

ಎಡವುವುದು ನಿಮಿಷ ಎಣಿಸುವಾಗ. ಅಲ್ಲಿನ ಪದ ‘ಫುನ್’. ಮೂರು ನಿಮಿಷ ಸಂಬುನ್ ಅಲ್ಲ, ಸಂಪುನ್, ನಾಲ್ಕು ಯೊಂಪುನ್. ಅದೇ ಪ್ರಾಣಿ ಎಣಿಸುವ ‘ಹಿಕಿ’ಗೆ ಸಂಬಿಕಿ, ಬಟ್ಟಲು ಎಣಿಸುವ ‘ಹಾಯ್’ಗೆ ಸಂಬಾಯ್. 3, 4ನ್ನು ಪ್ರತಿ ಎಣಿಕೆಪದಕ್ಕೂ ಬೇರೆಯಾಗಿ ಬರೆದಿಟ್ಟುಕೊಳ್ಳಿ, ಉಳಿದದ್ದು ನಿಯಮದಲ್ಲೇ ಸಿಗುತ್ತದೆ.

ಮೂವತ್ತಿನ ವಕಾರಕ್ಕೂ ಜೋಡಿ ಇದೆ: ನದಿ ಹಿಂದೆ ‘ಕಹ’ ಎಂದು ಬರೆಯುತ್ತಿದ್ದದ್ದು, ಈಗ ‘ಕವ’. ವಾಕ್ಯದ ವಿಷಯ ತೋರಿಸುವ ಪ್ರತ್ಯಯವನ್ನಂತೂ ಇಂದಿಗೂ ಬರೆಯುವುದು ಹ, ಓದುವುದು ವ. ನಿಹೊನ್‌ನಲ್ಲಿ ಹಕಾರ ವಕಾರವಾಗಲಿಲ್ಲ, ಏಕೆಂದರೆ ಹೊನ್ ಎರವಲು ಬಂದ ಬೇರೆ ತುಂಡು, ಅದರ ಮೊದಲು ಗಡಿ ಇದೆ.

ಉಚ್ಚಾರಕ್ಕೆ ಛಂದಸ್ಸಿನ ಮಾತ್ರೆ ಸಾಕು. ನಿಹೊನ್ ಲಘು-ಗುರು, 3 ಮಾತ್ರೆ. ಇಪ್ಪೊನ್ ಎರಡು ಗುರು, 4 ಮಾತ್ರೆ. ಜಪಾನಿಯವರೂ ಹೀಗೇ ಎಣಿಸುತ್ತಾರೆ: ಇ-ಪ್-ಪೊ-ನ್. ಒತ್ತು ತೇಲಿಸಿ ‘ಇಪೊನ್’ ಅಂದರೆ ಒಂದು ಮಾತ್ರೆ ಖೋತಾ.