ಕೊಟೇಶನ್ ಕೊಡುವ ಮುಂಚೆ ಕೇಳಿ: ಯಾವ ವರ್ಷದ ದೇವಸ್ಥಾನ?

ನಾನು ತ್ರೀಡಿ ಮಾಡೆಲಿಂಗ್ ಮಾಡುವವನು. ಬಿದ್ದುಹೋದ ಹಳೆಯ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುವುದು ನಮ್ಮ ತಂಡದ ಕೆಲಸ. ಶಾಲೆ ಮಕ್ಕಳು ಹೆಡ್‌ಸೆಟ್ ಹಾಕಿಕೊಂಡು ಅದರೊಳಗೆ ಓಡಾಡುತ್ತಾರೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರೆಲ್ಲ ಗ್ರೀಕ್ ದೇವಸ್ಥಾನ ಅಂದರೆ ಸೀದಾ ಪಾರ್ಥೆನಾನ್ ತೆಗೆಯುತ್ತಾರೆ. ನಾನು ಅವರಿಗೆ ಗ್ರೀಸಿನ ಒಲಿಂಪಿಯಾದಲ್ಲಿರುವ, ಹೇರಾ ಎಂಬ ದೇವತೆಯ ದೇವಸ್ಥಾನ ಕೊಡುತ್ತೇನೆ. ಅದನ್ನು ಮಾಡಿ ಮುಗಿಸಿದವರಿಗೆ ಆಮೇಲೆ ನಾನು ಜಾಸ್ತಿ ಹೇಳಬೇಕಾಗುವುದಿಲ್ಲ.

ಈ ಗುಡಿ ಕಟ್ಟಿದ್ದು ಸುಮಾರು ಕ್ರಿ.ಪೂ. 600ರ ಹೊತ್ತಿಗೆ. ಪಕ್ಕದಲ್ಲೇ ಇರುವ, ಲಿಬೋನ್ ಎಂಬ ವಾಸ್ತುಶಿಲ್ಪಿ ಕಟ್ಟಿದ, ಹೇರಾಳ ಗಂಡ ಜ್ಯೂಸ್ ದೇವರ ದೇವಸ್ಥಾನಕ್ಕಿಂತ ನೂರು ವರ್ಷಕ್ಕೂ ಹಳೆಯದು. ಅಗಲ ಸುಮಾರು 18.75 ಮೀಟರ್, ಉದ್ದ 50 ಮೀಟರ್. ಸುತ್ತ ಕಂಬಸಾಲು: ಮುಂದೆ ಹಿಂದೆ 6, ಉದ್ದದ ಬದಿಗಳಲ್ಲಿ 16. ಮೂಲೆಯ ಕಂಬಗಳನ್ನು ಎರಡು ಸಲ ಎಣಿಸದಿದ್ದರೆ ಒಟ್ಟು 40. ಡೋರಿಕ್ ಎಂಬ ಸರಳ ಗ್ರೀಕ್ ಕಂಬಶೈಲಿ. ಇಷ್ಟು ಕೇಳಿದ ಕೂಡಲೇ ಮಾಡೆಲರ್ ಕೈ ಸುಮ್ನಿರುವುದಿಲ್ಲ. ಒಂದು ಕಂಬ ಮಾಡು, ಅರೇ (ಒಂದನ್ನೇ ಸಾಲಾಗಿ ನಕಲು ಮಾಡುವ ಕಮಾಂಡ್) ಹಾಕು, ಊಟಕ್ಕೆ ಹೋಗು.

ಇಲ್ಲಿ ಹಾಗೆ ಮಾಡಲು ಆಗುವುದಿಲ್ಲ. ಒಂದು ಕಂಬ ದಪ್ಪ, ಪಕ್ಕದ್ದು ಸಣ್ಣ. ಕೆಲವು ಒಂದೇ ಕಲ್ಲಿನವು, ಉಳಿದವು ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದವು. ಕಂಬದ ತಲೆಯ ಮೇಲಿನ ಬೋದಿಗೆಗಳಂತೂ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವ ಹಾಗಿವೆ. ಹಳೆಯವು ಚಪ್ಪಟೆಯಾಗಿ ಅಗಲಕ್ಕೆ ಹರಡಿಕೊಂಡಿವೆ. ಆಮೇಲಿನವು ನೆಟ್ಟಗೆ, ಬಿಗಿಯಾಗಿ ಮೇಲೇರುತ್ತವೆ. ಆರಂಭ ಕಾಲದಿಂದ ರೋಮನ್ನರ ಕಾಲದವರೆಗಿನ ಅಚ್ಚುಗಳೆಲ್ಲ ಒಂದೇ ಗುಡಿಯ ಸುತ್ತ ನಿಂತಿವೆ.

ಇದಕ್ಕೆ ಕಾರಣ ಹೇಳಿದವರು ಜರ್ಮನ್ ಉತ್ಖನನದಲ್ಲಿದ್ದ ವಿಲ್‌ಹೆಲ್ಮ್ ಡೋರ್ಪ್‌ಫೆಲ್ಡ್. ಮೊದಲು ಕಂಬಗಳೆಲ್ಲ ಮರದವು, ಹಾಳಾದಾಗ ಹಾಳಾದಾಗ ಒಂದೊಂದನ್ನೇ ತೆಗೆದು ಕಲ್ಲಿನದು ನಿಲ್ಲಿಸಿದರು ಅನ್ನುವುದು ಅವರ ವಾದ. ಕ್ರಿ.ಶ. 2ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ಪೌಸೇನಿಯಸ್, ಹಿಂಭಾಗದ ಕೋಣೆಯಲ್ಲಿ ಒಂದು ಕಂಬ ಇನ್ನೂ ಓಕ್ ಮರದ್ದೇ ಆಗಿತ್ತು ಎಂದು ಬರೆದಿದ್ದಾನೆ. ಈಚೆಗೆ ಕಂಬಗಳನ್ನು ತ್ರೀಡಿಯಲ್ಲಿ ಮತ್ತೆ ಅಳೆದು, ಡೋರ್ಪ್‌ಫೆಲ್ಡ್ ಹೇಳಿದ್ದನ್ನು ಪ್ರಶ್ನಿಸಿದವರೂ ಇದ್ದಾರೆ. ಕಂಬಗಳಲ್ಲಿ ಬಹಳಷ್ಟು ಮೊದಲಿನಿಂದಲೂ ಕಲ್ಲಿನವೇ ಇರಬಹುದು ಅನ್ನುವುದು ಅವರ ಮಾತು. ಎರಡು ಕಡೆಯವರೂ ಒಪ್ಪುವ ಸಂಗತಿ ಒಂದೇ, ಕಂಬಗಳು ಒಂದೇ ಥರ ಇಲ್ಲ. ಮಾಡೆಲರ್‌ಗೆ ಅದು ಸಾಕು.

ನಮ್ಮ ಕ್ಲೈಂಟ್ ಕೇಳಿದ್ದು 'ಹಳೆಯ ಕಾಲದ ಹೇರಾ ಗುಡಿ, ಬೆಳ್ಳಗೆ ಹೊಳೆಯಬೇಕು' ಅಂತ. ನಾನು ತಿರುಗಿ ಕೇಳಿದ್ದು, ಯಾವ ವರ್ಷದ್ದು? ಕಟ್ಟಿ ಮುಗಿದ ದಿನದ್ದು ಬೇಕಾ, ಪೌಸೇನಿಯಸ್ ನೋಡಿದ್ದು ಬೇಕಾ? 'ಎರಡರಲ್ಲೂ ಇರುವುದನ್ನೆಲ್ಲ ಹಾಕಿಬಿಡಿ ಸಾರ್' ಅಂದರು. ಈ ಉತ್ತರ ಎಲ್ಲ ಪ್ರಾಜೆಕ್ಟಿನಲ್ಲೂ ಬರುತ್ತದೆ. ಒಪ್ಪಿಕೊಂಡರೆ ಯಾವ ಕಾಲದಲ್ಲೂ ಇಲ್ಲದ ಒಂದು ಕಟ್ಟಡ ತಯಾರಾಗುತ್ತದೆ.

ಉದಾಹರಣೆಗೆ ಹರ್ಮೀಸ್ ದೇವರ ಮೂರ್ತಿ. ಇನ್ನೂ ಮಗುವಾಗಿರುವ ಡಯೊನೈಸಸ್ ದೇವರನ್ನು ಎತ್ತಿಕೊಂಡಿರುವ ಆ ಅಮೃತಶಿಲೆಯ ವಿಗ್ರಹ 1877ರಲ್ಲಿ ಇದೇ ಗುಡಿಯಲ್ಲಿ ಸಿಕ್ಕಿತು. ಪ್ರಾಕ್ಸಿಟಿಲೀಸ್ ಮಾಡಿದ್ದು ಎಂದು ಪೌಸೇನಿಯಸ್ ಬರೆದಿದ್ದಾನೆ. ಆ ಶಿಲ್ಪಿ ಕ್ರಿ.ಪೂ. 4ನೇ ಶತಮಾನದವನು. ಕಟ್ಟಿದ ದಿನದ ಮಾಡೆಲಿನಲ್ಲಿ ಅವನ ಕೆಲಸಕ್ಕೆ ಜಾಗ ಇಲ್ಲ, ಅಲ್ವಾ? ಕೊನೆಗೆ ಪೌಸೇನಿಯಸ್‌ನ ಕಾಲವನ್ನೇ ಆರಿಸಿಕೊಂಡೆವು. ಕಣ್ಣಾರೆ ಕಂಡವನ ವಿವರ ಇರುವುದು ಆ ಕಾಲಕ್ಕೆ ಮಾತ್ರ. ಓಕ್ ಕಂಬವೂ ಬಂತು, ಹರ್ಮೀಸ್ ಕೂಡ ಬಂದ.

ಹರ್ಮೀಸ್ ಅಷ್ಟು ಚೆನ್ನಾಗಿ ಉಳಿದದ್ದು ಗೋಡೆಯಿಂದ. ಗೋಡೆಯ ಕೆಳಭಾಗ ಮಾತ್ರ ಸುಣ್ಣಕಲ್ಲು, ಮೇಲೆಲ್ಲ ಸುಡದ ಹಸಿ ಇಟ್ಟಿಗೆ. ಗುಡಿ ಬಿದ್ದ ಮೇಲೆ ಇಟ್ಟಿಗೆ ಕರಗಿ ಜೇಡಿಮಣ್ಣಾಗಿ ಮೂರ್ತಿಯನ್ನು ಮುಚ್ಚಿಕೊಂಡಿತು. 'ಬೆಳ್ಳಗೆ ಹೊಳೆಯಬೇಕು' ಅನ್ನುವ ಬೇಡಿಕೆ ಇಲ್ಲಿಗೆ ಮುಗಿಯಿತು. ಹಸಿ ಇಟ್ಟಿಗೆ ಮಳೆಗೆ ತಡೆಯುವುದಿಲ್ಲವಲ್ಲ, ಹಾಗಾಗಿ ಗಾರೆ ಬಳಿದೆವು. ಕಂಬದ ಮೇಲಿನ ತೊಲೆಗಳನ್ನು ಮರದವೇ ಮಾಡಿದೆವು, ಯಾಕೆಂದರೆ ಅಲ್ಲಿ ಕಲ್ಲಿನ ತೊಲೆಯ ತುಂಡುಗಳು ಸಿಕ್ಕಿಲ್ಲ. ಚಾವಣಿಗೆ ಮಣ್ಣಿನ ಹೆಂಚು. ತ್ರಿಕೋನದ ತುದಿಯಲ್ಲಿ ಬಣ್ಣ ಬಳಿದ, ಸುಟ್ಟ ಮಣ್ಣಿನ ದೊಡ್ಡ ಚಕ್ರ. ಎರಡು ಮೀಟರಿಗೂ ಜಾಸ್ತಿ ಅಗಲದ್ದು. ಅದರ ತುಂಡುಗಳನ್ನು ಜೋಡಿಸಿ ಒಲಿಂಪಿಯಾ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಟೆಕ್ಸ್ಚರ್ (ಮೇಲ್ಮೈಯ ಬಣ್ಣ, ವಿನ್ಯಾಸ) ಮಾಡುವವರಿಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ.

ಚಾವಣಿಯ ಬಗ್ಗೆ ಪೌಸೇನಿಯಸ್ ಒಂದು ಕಥೆ ಹೇಳುತ್ತಾನೆ. ಗುಡಿಯ ಮಾಡು ರಿಪೇರಿ ಮಾಡುವಾಗ, ಒಳಗಿನ ಅಟ್ಟಕ್ಕೂ ಹೆಂಚು ಹೊತ್ತ ಮಾಡಿಗೂ ನಡುವೆ ಒಬ್ಬ ಸೈನಿಕನ ಹೆಣ ಸಿಕ್ಕಿತಂತೆ. ಗಾಯಗೊಂಡವನು ಯಾವುದೋ ಕಾಳಗದ ಹೊತ್ತಿನಲ್ಲಿ ಮೇಲೆ ತೆವಳಿಕೊಂಡು ಹೋಗಿ ಅಲ್ಲೇ ಸತ್ತಿದ್ದ. ನಿಜವೋ ಸುಳ್ಳೋ, ನನಗೆ ಬೇಕಾದದ್ದು ಒಂದೇ: ಅಟ್ಟ ಬೇರೆ, ಮಾಡು ಬೇರೆ, ನಡುವೆ ಮನುಷ್ಯ ಹಿಡಿಯುವಷ್ಟು ಜಾಗ. ಅಳತೆ ಇಲ್ಲದ ಕಡೆ ಇಂಥ ಕಥೆಯಿಂದಲೂ ರೆಫರೆನ್ಸ್ ಹೆಕ್ಕಬೇಕಾಗುತ್ತದೆ.

ಪೂಜೆಯ ದೃಶ್ಯಕ್ಕೆ ಇನ್ನೊಂದು ಸುತ್ತು ಮಾತುಕತೆ ಆಯಿತು. ಗರ್ಭಗುಡಿಯ ಮುಂದೆ ಜನ ಕಿಕ್ಕಿರಿದು ನಿಲ್ಲಬೇಕು, ಒಳಗೆ ಹೊಗೆ ಆಡಬೇಕು ಅನ್ನುವುದು ಕ್ಲೈಂಟ್ ಆಸೆ. ನಮ್ಮ ಕಣ್ಣಿಗೆ ಅದೇ ಅಭ್ಯಾಸ, ತಪ್ಪೇನಿಲ್ಲ. ಆದರೆ ಗ್ರೀಕರ ಬಲಿ ನಡೆಯುತ್ತಿದ್ದದ್ದು ಹೊರಗೆ, ಬಯಲಿನ ಬಲಿಪೀಠದಲ್ಲಿ. ಹೇರಾಳ ಪೀಠ ಗುಡಿಯ ಪೂರ್ವಕ್ಕಿದೆ. ಈಗ ಒಲಿಂಪಿಕ್ ಜ್ಯೋತಿ ಹೊತ್ತಿಸುವುದು ಅಲ್ಲೇ. ಗುಡಿಯ ಒಳಗಿದ್ದದ್ದು ದೇವರ ಮೂರ್ತಿ ಮತ್ತು ಹರಕೆಯ ವಸ್ತುಗಳು. ಹೇರಾ ಸಿಂಹಾಸನದಲ್ಲಿ ಕೂತಿದ್ದಳು, ಪಕ್ಕದಲ್ಲಿ ಗಡ್ಡ ಬಿಟ್ಟು ಶಿರಸ್ತ್ರಾಣ ಧರಿಸಿದ ಜ್ಯೂಸ್ ನಿಂತಿದ್ದ. ಒರಟು ಕೆಲಸ ಎಂದು ಪೌಸೇನಿಯಸ್ ಮೂಗು ಮುರಿದಿದ್ದಾನೆ. ಒಲಿಂಪಿಕ್ ಗೆದ್ದವರ ಕಿರೀಟಗಳನ್ನು ಇಡುತ್ತಿದ್ದ, ಕೊಲೊಟೀಸ್ ಎಂಬ ಶಿಲ್ಪಿ ಮಾಡಿದ ಮೇಜು ಕೂಡ ಒಳಗಿತ್ತು.

ಜನ ಬೇಕೇ ಬೇಕು ಅಂದದ್ದಕ್ಕೆ ನಾವು ಹೆಣ್ಣುಮಕ್ಕಳ ಹಬ್ಬ ತೋರಿಸಿದೆವು. ನಾಲ್ಕು ವರ್ಷಕ್ಕೊಮ್ಮೆ 16 ಹೆಂಗಸರು ಹೇರಾಳಿಗೆ ಬಟ್ಟೆ ನೇಯುತ್ತಿದ್ದರು. ಅವರೇ ಹುಡುಗಿಯರ ಓಟವನ್ನೂ ನಡೆಸುತ್ತಿದ್ದರು. ಕೂದಲು ಬಿಚ್ಚಿ, ಮೊಣಕಾಲಿಗಿಂತ ಮೇಲಿನ ಉಡುಪು ತೊಟ್ಟು ಓಟ. ಗಂಡಸರ ಓಟದ ಅಂಗಳದಲ್ಲೇ, ದೂರ ಮಾತ್ರ ಆರನೇ ಒಂದು ಭಾಗ ಕಡಿಮೆ. ಗೆದ್ದವರಿಗೆ ಆಲಿವ್ ಕಿರೀಟ, ಹೇರಾಳಿಗೆ ಬಲಿ ಕೊಟ್ಟ ಹಸುವಿನಲ್ಲಿ ಪಾಲು. ತಮ್ಮ ಚಿತ್ರ ಅರ್ಪಿಸುವ ಹಕ್ಕೂ ಇತ್ತು.

ಇಲ್ಲಿ ಕಂಬಗಳು ಮತ್ತೆ ಬೇಕಾದವು. ಹಲವು ಕಂಬಗಳ ಮೈಮೇಲೆ ಆಯತಾಕಾರದ ಆಳವಿಲ್ಲದ ಗುಳಿಗಳಿವೆ. ಚಿತ್ರಫಲಕ ಕೂರಿಸಲು ಕೆತ್ತಿದ್ದು, ಗೆದ್ದ ಹುಡುಗಿಯರ ಚಿತ್ರಗಳೇ ಅಲ್ಲಿದ್ದಿರಬಹುದು ಎಂದು ವಿದ್ವಾಂಸರು ಊಹಿಸುತ್ತಾರೆ. ಅರೇ ಹಾಕಿದ್ದರೆ ಈ ಗುಳಿ ಎಲ್ಲ ಕಂಬಗಳಲ್ಲೂ ಒಂದೇ ಎತ್ತರದಲ್ಲಿ ಬಂದು ಕೂರುತ್ತಿತ್ತು.

ಫೈಲ್ ಸೈಜಿನ ಗೋಳು ಇದ್ದೇ ಇದೆ. 40 ಬೇರೆ ಬೇರೆ ಕಂಬ ಅಂದರೆ ಹೆಡ್‌ಸೆಟ್ ಏದುಸಿರು ಬಿಡುತ್ತದೆ. ಬೋದಿಗೆಗಳನ್ನು ಕೆಲವೇ ಗುಂಪು ಮಾಡಿ, ಟೆಕ್ಸ್ಚರ್ ಹಂಚಿಕೊಂಡು, ದಪ್ಪವನ್ನು ಒಂದೊಂದಕ್ಕೂ ಬದಲಿಸಿ ದಾರಿ ಮಾಡಿಕೊಂಡೆವು. ಊಹೆಯ ಭಾಗಗಳನ್ನೆಲ್ಲ ಬೇರೆ ಲೇಯರಿಗೆ ಹಾಕಿದ್ದೇವೆ. ಬಟನ್ ಒತ್ತಿದರೆ ಅವು ಬೂದು ಬಣ್ಣಕ್ಕೆ ತಿರುಗುತ್ತವೆ. ತೊಲೆ, ಅಟ್ಟ, ಗಾರೆ ಎಲ್ಲ ಬೂದು. ಕ್ಲೈಂಟ್ ಮೊದಲು ಈ ಬಟನ್ ಬೇಡ ಅಂದಿದ್ದರು. ಮೇಷ್ಟ್ರುಗಳು ಪಾಠಕ್ಕೆ ಅದನ್ನೇ ಜಾಸ್ತಿ ಬಳಸುತ್ತಿದ್ದಾರೆ ಅಂತ ಈಗ ಅವರೇ ಹೇಳುತ್ತಾರೆ. ನಮ್ಮ ಕೊಟೇಶನ್ ಫಾರ್ಮಿನಲ್ಲಿ ಈಗ ಕ್ಲೈಂಟ್ ಹೆಸರಿನ ಕೆಳಗೇ 'ಕಟ್ಟಡದ ವರ್ಷ' ಅಂತ ಒಂದು ಖಾನೆ ಇದೆ. ಅದು ತುಂಬದೆ ರೇಟು ಹೇಳುವುದಿಲ್ಲ.