ಟೀಚರೇ, ಯಾವ ಸೈಕಲ್ ತೆಗೆದುಕೊಳ್ಳಲಿ?

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಕಾಸರಗೋಡು ಜಿಲ್ಲೆಯ ನಮ್ಮ ನೀರ್ಚಾಲಿನ ಬಸ್‌ಸ್ಟಾಪಿನಲ್ಲಿ, ಹಾಲಿನ ಸೊಸೈಟಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ. "ಟೀಚರೇ, ಕಡಿಮೆಗೆ ಒಂದು ಸೈಕಲ್ ಬೇಕಿತ್ತು. ದೂರ ಎಲ್ಲ ಹೋಗಲಿಕ್ಕಿಲ್ಲ. ಇಲ್ಲೇ ಅಂಗಡಿಗೆ, ಮತ್ತೆ ಸುಮ್ನೆ ಸಂಜೆ ಒಂದು ಸುತ್ತು. ಯಾವುದು ಒಳ್ಳೆಯದು?" ಹನ್ನೊಂದು ವರ್ಷದಿಂದ ನಾನು ಶಾಲೆಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೇನೆ. ಹಾಗಾಗಿ ಈ ಪ್ರಶ್ನೆ ನನಗೇ ಬರುತ್ತದೆ.

ಕೇಳುವವರಿಗೆ ಬೇಕಾದ್ದು ಒಂದು ಕಂಪನಿಯ ಹೆಸರು. ನಾನು ಮೊದಲು ಕೇಳುವುದು ಬೇರೆ. ನಿಮ್ಮ ಮನೆಯಿಂದ ಡಾಂಬರು ರಸ್ತೆಗೆ ಎಷ್ಟು ಚಡಾವು, ಅಂದರೆ ಏರು? ಪಂಚರ್ ಹಾಕುವವರು ಎಷ್ಟು ದೂರದಲ್ಲಿದ್ದಾರೆ?

ಯಾಕೆಂದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೈಕಲ್ ಇದೆ, ಓಡುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ, ಅಡಿಕೆ ಗೋಣಿಗಳ ಹಿಂದೆ, ಟಯರು ಇಳಿದು ನಿಂತಿರುತ್ತದೆ. ಕಾರಣ ದೊಡ್ಡದೇನಲ್ಲ. ಬ್ರೇಕ್ ಉಜ್ಜುತ್ತದೆ, ಸೀಟಿನಲ್ಲಿ ಕೂತರೆ ಮಂಡಿ ನೋಯುತ್ತದೆ, ಬೇಕಾದ ಟ್ಯೂಬು ಬದಿಯಡ್ಕದಲ್ಲಿ ಸಿಗಲಿಲ್ಲ. ಅಷ್ಟಕ್ಕೇ ನಿಂತಿರುವುದು. ಅದಕ್ಕೇ ನನ್ನ ಉತ್ತರ ಯಾವಾಗಲೂ ಒಂದೇ: ನಿಮ್ಮ ಕಾಲಿಗೆ ಸರಿಹೊಂದುವ, ಪೇಟೆಯ ಮೂಲೆಯ ರಿಪೇರಿ ಅಂಗಡಿಯಲ್ಲೇ ಸರಿಯಾಗುವ ಸಾದಾ ಸೈಕಲ್ ತೆಗೆದುಕೊಳ್ಳಿ. ಗೇರು, ಶಾಕ್ (ಕುಲುಕು ತಡೆಯುವ ಸ್ಪ್ರಿಂಗು), ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಬ್ರೇಕ್) ಮೂರನ್ನೂ ಬಿಡಿ.

ನನ್ನ ಮೊದಲ ಸೈಕಲ್ಲಿನಲ್ಲಿ ಈ ಮೂರೂ ಇದ್ದವು. ಒಂಬತ್ತು ಸಾವಿರ ಚಿಲ್ಲರೆ ಕೊಟ್ಟಿದ್ದೆ. ಮೊದಲ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೇ ಅದರ ಗುಣ ಗೊತ್ತಾಯಿತು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುಂದಿನ ಶಾಕ್ ಒಳಗೆ ನೀರು ಹೋಗಿ ಸ್ಪ್ರಿಂಗು ತುಕ್ಕು ಹಿಡಿಯಿತು. ಶಾಲೆಯ ಗೋಡೆಗೆ ಒರಗಿಸಿದ್ದಾಗ ಯಾರದೋ ಸೈಕಲ್ ಮೇಲೆ ಬಿದ್ದು ಡಿಸ್ಕ್ ಸ್ವಲ್ಪ ಬಾಗಿತು. ಆಮೇಲೆ ಪ್ರತಿ ಸುತ್ತಿಗೂ ಕಿರ್ ಕಿರ್ ಸದ್ದು. ಅದರ ಪ್ಯಾಡ್ ಹುಡುಕಿಕೊಂಡು ಮಂಗಳೂರಿಗೆ ಹೋಗಬೇಕಾಯಿತು. ಈ ಬೆಲೆಯ ಶಾಕ್ ಸೈಕಲ್ಲಿನ ಭಾರ ಹೆಚ್ಚಿಸುತ್ತದೆ, ಅಷ್ಟೇ. ಚಡಾವಿನಲ್ಲಿ ಎದ್ದುನಿಂತು ತುಳಿದರೆ ನಿಮ್ಮ ಶಕ್ತಿಯಲ್ಲಿ ಒಂದು ಪಾಲು ಆ ಸ್ಪ್ರಿಂಗನ್ನು ಅದುಮುವುದಕ್ಕೇ ಹೋಗುತ್ತದೆ. ಒಳ್ಳೆಯ ಶಾಕ್, ಒಳ್ಳೆಯ ಡಿಸ್ಕ್ ಇಲ್ಲವೆಂದಲ್ಲ. ಅವು ಹತ್ತು ಸಾವಿರದ ಸೈಕಲ್ಲಿನಲ್ಲಿ ಬರುವುದಿಲ್ಲ.

"ಗೇರಿಲ್ಲದೆ ನಮ್ಮ ಗುಡ್ಡೆ ಹತ್ತುವುದು ಹೇಗೆ?" ಇದು ಮುಂದಿನ ಪ್ರಶ್ನೆ. ನ್ಯಾಯವಾದದ್ದೇ. ಕುಂಬಳೆ ಕರಾವಳಿಯಲ್ಲಿ ಇರುವವರಿಗೆ ಈ ಚಿಂತೆ ಇಲ್ಲ. ಸೀತಾಂಗೋಳಿ ಕಡೆಗೆ, ಅನಂತಪುರದ ಪದವಿಗೆ (ಗುಡ್ಡದ ಮೇಲಿನ ಬಯಲಿಗೆ) ಹತ್ತುವವರಿಗೆ ಖಂಡಿತ ಇದೆ. ಇದಕ್ಕೆ ಒಂದು ಸುಲಭದ ಉಪಾಯ ಇದೆ, ಅಂಗಡಿಯವರು ತಾವಾಗಿ ಹೇಳುವುದು ಕಮ್ಮಿ. ಸಾದಾ ಸೈಕಲ್ಲಿನ ಹಿಂದಿನ ಫ್ರೀವೀಲಿಗೆ, ಅಂದರೆ ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಬಿಲ್ಲೆಗೆ, ಸಾಮಾನ್ಯವಾಗಿ 18 ಹಲ್ಲು ಇರುತ್ತದೆ. ಪೆಡಲಿನ ಬಳಿಯ ಮುಂದಿನ ಬಿಲ್ಲೆಗೆ 44 ಹಲ್ಲು ಇದೆ ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಸುಮಾರು ಎರಡೂವರೆ ಸುತ್ತು ಹೋಗುತ್ತದೆ. ಹಿಂದಿನದನ್ನು ತೆಗೆದು 22 ಹಲ್ಲಿನದು ಹಾಕಿಸಿದರೆ ಸರಿಯಾಗಿ ಎರಡು ಸುತ್ತು. ಚಡಾವಿನಲ್ಲಿ ಕಾಲಿನ ಭಾರ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಸಮತಟ್ಟಿನಲ್ಲಿ ವೇಗ ಸ್ವಲ್ಪ ಕಮ್ಮಿ ಆಗುತ್ತದೆ, ಆರಾಮವಾಗಿ ತುಳಿದರೆ ಗಂಟೆಗೆ ಹದಿನೈದು ಕಿಲೋಮೀಟರ್ ಹತ್ತಿರ. ಅಂಗಡಿಗೆ ಹೋಗುವುದಕ್ಕೆ ಅದು ಧಾರಾಳ ಅಲ್ವಾ? ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಹೊಸ ಸೈಕಲ್ ಅಂಗಡಿಯಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಿ. ತೀರಾ ಕಡಿದಾದಲ್ಲಿ ಇಳಿದು ತಳ್ಳಿಕೊಂಡು ಹೋಗುವುದು. ನಾನು ಈಗಲೂ ಹಾಗೇ ಮಾಡುತ್ತೇನೆ.

ಹತ್ತುವುದಕ್ಕಿಂತ ನನಗೆ ಇಳಿಯುವುದರ ಚಿಂತೆ ಜಾಸ್ತಿ. ಹಣ ಖರ್ಚು ಮಾಡುವುದಿದ್ದರೆ ಬ್ರೇಕಿಗೆ ಮಾಡಿ. ಹೊಳೆಯುವ ಸ್ಟೀಲ್ ರಿಮ್ ನೋಡಲು ಚೆಂದ, ಮಳೆಯಲ್ಲಿ ಒದ್ದೆಯಾದರೆ ಬ್ರೇಕ್ ಕಟ್ಟೆ (ರಿಮ್ಮನ್ನು ಒತ್ತಿ ಹಿಡಿಯುವ ರಬ್ಬರ್ ತುಂಡು) ಅದರ ಮೇಲೆ ಜಾರುತ್ತದೆ. ಹಿಡಿ ಎಷ್ಟು ಒತ್ತಿದರೂ ಸೈಕಲ್ ಮುಂದೆ ಹೋಗುತ್ತಲೇ ಇರುತ್ತದೆ. ಅಲ್ಯುಮಿನಿಯಂ ರಿಮ್ ಹಾಗಲ್ಲ, ಒದ್ದೆಯಲ್ಲೂ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಕೇಬಲಿನ ವಿ-ಬ್ರೇಕ್ (ರಿಮ್ಮನ್ನು ಎರಡೂ ಬದಿಯಿಂದ ಒತ್ತುವಂಥದ್ದು) ಇರಲಿ. ಅದರ ಕಟ್ಟೆ ಹೆಚ್ಚಿನ ಅಂಗಡಿಗಳಲ್ಲಿ ಸಿಗುತ್ತದೆ, ಬದಲಿಸಲು ಹತ್ತು ನಿಮಿಷ ಸಾಕು. ಕೇಬಲಿನ ಬದಲು ಕಂಬಿಯಿಂದ ಬ್ರೇಕ್ ಎಳೆಯುವ ದೊಡ್ಡ ಹಳೇ ಮಾದರಿ ಸೈಕಲ್ ಗಟ್ಟಿಮುಟ್ಟು, ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ನಮ್ಮ ಇಳಿಜಾರಿಗೆ, ನಮ್ಮ ಮಳೆಗೆ ಬೇಡ.

ಈಗ ಅಳತೆಯ ಮಾತು. ಕಳೆದ ತಿಂಗಳು ಪಕ್ಕದ ಮನೆಯ ಅಣ್ಣನ ಜೊತೆ ಅಂಗಡಿಗೆ ಹೋಗಿದ್ದೆ. ಅವರಿಗೆ ಐವತ್ತೆಂಟು ವರ್ಷ, ಡಾಕ್ಟರು ನಡೆಯಲು ಹೇಳಿದ್ದಾರೆ, ಇವರಿಗೆ ಸೈಕಲ್ ಆಸೆ. ಅಂಗಡಿಯವರು ಎತ್ತರದ ಒಂದನ್ನು ತಂದು ನಿಲ್ಲಿಸಿದರು. "ಕಾಲು ಎರಡೂ ಕಡೆ ಹಾಕಿ ನಿಲ್ಲಿ ಅಣ್ಣಾ" ಅಂದೆ. ನಿಂತರೆ ಮೇಲಿನ ಕಂಬಿ ತೊಡೆಸಂದಿಗೆ ತಾಗುತ್ತಿತ್ತು. ಅಲ್ಲಿ ಎರಡು ಬೆರಳಿನಷ್ಟಾದರೂ ಜಾಗ ಬೇಕು. ಇಲ್ಲದಿದ್ದರೆ ಗಕ್ಕನೆ ಇಳಿಯಬೇಕಾದಾಗ ಪೆಟ್ಟಾಗುತ್ತದೆ. ಕೊನೆಗೆ ಕಂಬಿ ಕೆಳಗಿರುವ ಮಾದರಿಯನ್ನು ತೋರಿಸಿದೆ. "ಅದು ಲೇಡೀಸ್ ಸೈಕಲ್ ಅಲ್ವಾ?" ಎಂದರು. ಮುಂಡು ಉಟ್ಟವರಿಗೆ, ಕ್ಯಾರಿಯರಿನಲ್ಲಿ ಹಿಂಡಿ ಚೀಲ ಇಟ್ಟವರಿಗೆ, ಮಂಡಿ ಬಿಗಿ ಇರುವವರಿಗೆ ಅದರಷ್ಟು ಸಲೀಸು ಬೇರೆ ಇಲ್ಲ. ಕಾಲು ಹಿಂದಿನಿಂದ ಎತ್ತಿ ಹಾಕಬೇಕಾಗಿಲ್ಲ. ಅವರು ಅಂಗಡಿಯ ಮುಂದೆ ಎರಡು ಸುತ್ತು ಬಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಸೀಟಿನ ಎತ್ತರ ನೋಡುವುದು ಹೀಗೆ. ಗೋಡೆಗೆ ಕೈಕೊಟ್ಟು ಸೀಟಿನಲ್ಲಿ ಕೂತುಕೊಳ್ಳಿ. ಪೆಡಲನ್ನು ತೀರಾ ಕೆಳಗೆ ತನ್ನಿ. ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುತ್ತದೆ, ಆಗ ಮಂಡಿ ಬೇಕಾದಷ್ಟೇ ಬಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲಿ ಎಂದು ಸೀಟನ್ನು ತಗ್ಗಿಸುತ್ತಾರೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮಂಡಿ ನೋವು ಶುರು. ಹೊಸದಾಗಿ ಕಲಿಯುವವರು ಮೊದಲ ವಾರ ತಗ್ಗಿಸಿಕೊಳ್ಳಲಿ, ಧೈರ್ಯ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಲಿ.

ಟಯರಿನ ವಿಷಯದಲ್ಲಿ ಒಂದು ಮೋಸಹೋಗುವ ಜಾಗ ಇದೆ. 26 ಇಂಚು ಎಂದರೆ ಎಲ್ಲ ಒಂದೇ ಅಲ್ಲ. ಟಯರಿನ ಬದಿಯಲ್ಲಿ 26 × 1 3/8 ಎಂದಿದ್ದರೆ ಅದರ ರಿಮ್ಮಿನ ಅಳತೆ 590 ಮಿಲಿಮೀಟರ್. 26 × 1.95 ಎಂದಿದ್ದರೆ 559. ಒಂದರ ಟಯರು ಇನ್ನೊಂದಕ್ಕೆ ಕೂರುವುದೇ ಇಲ್ಲ. ಕೊಳ್ಳುವ ಮೊದಲು ಆ ಅಕ್ಷರವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ನಿಮ್ಮ ರಿಪೇರಿಯವರಿಗೆ ತೋರಿಸಿ. "ಇದು ನನ್ನಲ್ಲಿ ಇದೆ" ಎಂದರೆ ಮಾತ್ರ ಮುಂದುವರಿಯಿರಿ. ಕಂಪನಿಯ ಮಾತು ಇದರ ನಂತರ. ಹೀರೋ, ಹರ್ಕ್ಯುಲಿಸ್, ಬಿಎಸ್ಎ, ಏವನ್, ಯಾವುದಾದರೂ ಆದೀತು. ಸಾದಾ ಸೈಕಲ್ಲುಗಳ ಬಿಡಿಭಾಗ ಬಹುಪಾಲು ಒಂದರದ್ದು ಇನ್ನೊಂದಕ್ಕೆ ಆಗುತ್ತದೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ಮುಚ್ಚಿತು. ನನ್ನ ಮಾವನ ಅಟ್ಲಾಸ್ ಈಗಲೂ ಬೇರೆಯವರ ಚೈನು, ಬೇರೆಯವರ ಟಯರಿನಲ್ಲಿ ಓಡುತ್ತಿದೆ.

ಬೆಲೆ? ನಮ್ಮ ಕಡೆಯ ಅಂಗಡಿಗಳಲ್ಲಿ ಏಳೆಂಟು ಸಾವಿರಕ್ಕೆ ನಾನು ಹೇಳಿದಂಥದ್ದು ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ 12ರಿಂದ 5 ಶೇಕಡಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಇರುವ ಹಣ ಪೂರ್ತಿ ಸೈಕಲ್ಲಿಗೇ ಸುರಿಯಬೇಡಿ. ಒಂದು ಸಾವಿರವಾದರೂ ತೆಗೆದಿಡಿ. ಮಡ್‌ಗಾರ್ಡ್, ಬೆಲ್, ಹಿಂದಿನ ಕೆಂಪು ಲೈಟು, ಕೈಪಂಪು, ಬೀಗ, ಇಷ್ಟು ಬೇಕೇ ಬೇಕು. ಮಡ್‌ಗಾರ್ಡ್ ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣಿನ ಗೆರೆ ಬೆನ್ನಿನುದ್ದಕ್ಕೂ ಬಂದುಬಿಡುತ್ತದೆ, ಒಗೆದರೂ ಹೋಗುವುದಿಲ್ಲ.

ಆನ್‌ಲೈನಿನಲ್ಲಿ ತರಿಸುವವರಿಗೆ ಒಂದು ಮಾತು. ಡಬ್ಬದಲ್ಲಿ ಬರುವ ಸೈಕಲ್ಲಿಗೆ ಪೆಡಲ್, ಹ್ಯಾಂಡಲ್, ಮುಂದಿನ ಚಕ್ರ ನಾವೇ ಜೋಡಿಸಬೇಕು. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಅದು ಗೊತ್ತಿಲ್ಲದೆ ನನ್ನ ಶಾಲೆಯ ಒಬ್ಬ ಹುಡುಗ ಬಲವಂತವಾಗಿ ತಿರುಗಿಸಿ, ಹೊಸ ಸೈಕಲ್ಲಿನ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಮೊದಲ ದಿನವೇ ಹಾಳಾಯಿತು. ಇನ್ನೂರು ಮುನ್ನೂರು ಕೊಟ್ಟು ರಿಪೇರಿಯವರಲ್ಲೇ ಜೋಡಿಸಿಕೊಳ್ಳಿ.

ಹಳೆಯದು ತೆಗೆದುಕೊಳ್ಳುವುದು ನನಗೆ ಇಷ್ಟದ ದಾರಿ. ಮಕ್ಕಳು ಹತ್ತನೇ ಕ್ಲಾಸು ಮುಗಿಸಿದ ಮನೆಗಳಲ್ಲಿ ಒಳ್ಳೆಯ ಸೈಕಲ್ ಸುಮ್ಮನೆ ನಿಂತಿರುತ್ತವೆ. ನೋಡಲು ಹೋಗುವಾಗ ಒಂದು ಅಡಿಯ ಸ್ಕೇಲು ಒಯ್ಯಿರಿ. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ, ಹೊಸ ಚೈನಿನಲ್ಲಿ ಆ ಪಿನ್ ಬಿಟ್ಟು ಮುಂದಿನ 24ನೆಯ ಪಿನ್ ಸರಿಯಾಗಿ 12 ಇಂಚಿಗೆ ಬರುತ್ತದೆ. ಒಂದು ಇಂಚಿನ ಎಂಟನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಮಾತ್ರ ಅಲ್ಲ, ಹಲ್ಲುಗಳೂ ಸವೆದಿರುತ್ತವೆ, ಆ ಖರ್ಚು ಲೆಕ್ಕ ಹಾಕಿ ಬೆಲೆ ಮಾತಾಡಿ. ಆಮೇಲೆ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಕಟ್ಟೆಗೂ ರಿಮ್ಮಿಗೂ ನಡುವಿನ ಸಂದನ್ನೇ ನೋಡುತ್ತಿರಿ. ಸಂದು ಒಮ್ಮೆ ದೊಡ್ಡದು ಒಮ್ಮೆ ಸಣ್ಣದು ಆದರೆ ರಿಮ್ ಬೆಂಡ್ ಇದೆ. ಸ್ವಲ್ಪ ಇದ್ದರೆ ಕಡ್ಡಿ ಬಿಗಿಸಿ ಸರಿಮಾಡಬಹುದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಎಂದರೆ ಅಲ್ಲಿ ಬಿಗಿಸಬೇಕು, ಅಥವಾ ಬಾಲ್ಸ್ ಬದಲಿಸಬೇಕು.

ಚೈನಿಗೆ ತೆಂಗಿನೆಣ್ಣೆ ಹಾಕಬೇಡಿ. ಮನೆಯಲ್ಲಿ ಇದೆ ಎಂದು ಎಲ್ಲರೂ ಅದನ್ನೇ ಹಾಕುತ್ತಾರೆ. ಅದು ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮಿಷನ್ ಎಣ್ಣೆ ನಾಲ್ಕು ಹನಿ ಬಿಟ್ಟು, ಹಳೇ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ.

ಇಷ್ಟು ಓದಿಯೂ ಗೊಂದಲ ಇದ್ದರೆ ಭಾನುವಾರ ಬೆಳಗ್ಗೆ ನಮ್ಮಲ್ಲಿಗೆ ಬನ್ನಿ. ಅಂಗಳದಲ್ಲಿ ನನ್ನದು ಇರುತ್ತದೆ, ಸೀಟು ಏರಿಸಲು ಸ್ಪ್ಯಾನರ್ ಕಿಟಕಿಯಲ್ಲೇ ಇದೆ. ಸೊಸೈಟಿವರೆಗೆ ಓಡಿಸಿ ನೋಡಿ, ಬರುವಾಗ ಚಡಾವು ಇದೆ.