ಬೂಷ್ಟು ಹಿಡಿದ ಏಳು ಅಂಗಿಗಳು

2025ರ ಆಷಾಢದಲ್ಲಿ ಮಳೆ ಎಡೆಬಿಡದೆ ಹಿಡಿದುಕೊಂಡಿದ್ದ ಒಂದು ವಾರ, ಶಿವಮೊಗ್ಗದ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹೊಲಿಗೆ ಮಾಡುವ ಅಕ್ಕ ಶಾಲಾ ಸಮವಸ್ತ್ರದ ಏಳು ಅಂಗಿಗಳನ್ನು ತಂದು ನನ್ನ ಮುಂದೆ ಹರಡಿದರು. ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಸ್ಕೂಟರಿನಲ್ಲಿ ತಂದುಕೊಟ್ಟು, ಹೊಲಿದಾದ ಮೇಲೆ ಒಯ್ಯುವ ಏಜೆಂಟ್, ಬೂಷ್ಟು ಹಿಡಿದಿದೆಯೆಂದು ಅವನ್ನು ಹಿಂದಿರುಗಿಸಿದ್ದಲ್ಲದೆ ಬಟ್ಟೆಯ ಬೆಲೆಯನ್ನೂ ಕೂಲಿಯಲ್ಲಿ ಹಿಡಿದುಕೊಂಡಿದ್ದ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಬಟ್ಟೆಯನ್ನು ನಾನಂತೂ ಕಂಡಿಲ್ಲ.

"ಇದಕ್ಕೆ ಕಾನೂನು ಏನಾದ್ರೂ ಇದೆಯಾ ತಮ್ಮಾ? ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡು, ಮೆಷಿನ್ ಮಾರ್ತೀನಿ" ಎಂದರು. ಕಾನೂನು ಓದಿಯೂ ವಕೀಲಿಕೆಗೆ ಇಳಿಯದ ನನಗೆ ಆ ಪ್ರಶ್ನೆಗೆ ಅಲ್ಲೇ ಉತ್ತರಿಸಲಾಗಲಿಲ್ಲ.

ಹಳೆಯ ಪುಸ್ತಕಗಳನ್ನು ತೆಗೆದು ನೋಡಿದಾಗ ಕಾನೂನು ಇತ್ತು. ಇನ್ನೊಬ್ಬರ ವ್ಯಾಪಾರಕ್ಕಾಗಿ, ಅವರು ಕೊಟ್ಟ ಸಾಮಗ್ರಿಯಿಂದ, ತನ್ನ ಮನೆಯಲ್ಲೇ ಕುಳಿತು ವಸ್ತು ತಯಾರಿಸಿ ಕೊಡುವವರನ್ನೂ 1948ರ ಕನಿಷ್ಠ ವೇತನ ಕಾಯ್ದೆ ನೌಕರರೆಂದೇ ಕರೆದಿತ್ತು. ಪೀಸ್ ಲೆಕ್ಕದ ಕೂಲಿಗೆ ಮಾತ್ರ ದರ ಗೊತ್ತುಮಾಡಿ, ದಿನದ ಕನಿಷ್ಠ ಕೂಲಿಯನ್ನು ತಪ್ಪಿಸಿಕೊಳ್ಳುವುದಕ್ಕೂ ಅದು ಅವಕಾಶ ಕೊಟ್ಟಿರಲಿಲ್ಲ. ಅಕ್ಕನಿಗೆ ಅಂಗಿಯೊಂದಕ್ಕೆ 14 ರೂಪಾಯಿ ಸಿಗುತ್ತಿತ್ತು. ಬೆಳಗಿನ ಅಡುಗೆ ಮುಗಿಸಿ ಕೂತರೆ ರಾತ್ರಿಯವರೆಗೆ 20 ಅಂಗಿ, ಅಂದರೆ 280 ರೂಪಾಯಿ. ರಾಜ್ಯದ ಕನಿಷ್ಠ ಕೂಲಿಗೆ ಅದು ಸಾಲದು, ಅದರಲ್ಲೂ ದಾರ, ಸೂಜಿ, ಮೆಷಿನ್ ರಿಪೇರಿ ಅವರದೇ. ಕರೆಂಟಿನ ಮಾತೆತ್ತಿದರೆ, ಗೃಹಜ್ಯೋತಿಯಲ್ಲಿ ಪುಕ್ಕಟೆಯಾಗಿ ಬರುತ್ತದಲ್ಲ ಎಂದು ಏಜೆಂಟ್ ನಗುತ್ತಾನಂತೆ. ಬಡವರ ಮನೆಯ ದೀಪಕ್ಕೆಂದು ಸರ್ಕಾರ ಕೊಟ್ಟದ್ದು ಯಾರದೋ ಅಂಗಡಿಯ ಲಾಭಕ್ಕೆ ಜಮೆಯಾಗುವ ಬಗೆ ಇದು.

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಏಳು ಅಂಗಿಗಳೇ. ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ 1973ರಲ್ಲಿ, ಪೀಸ್ ಲೆಕ್ಕದಲ್ಲಿ ಹೊಲಿಯುವ ದರ್ಜಿಗಳು ಅಂಗಡಿಯ ನೌಕರರೇ ಹೊರತು ಸ್ವತಂತ್ರ ಗುತ್ತಿಗೆದಾರರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸರಿಯಿಲ್ಲದ ಹೊಲಿಗೆಯನ್ನು ತಿರಸ್ಕರಿಸುವ ಹಕ್ಕು ಅಂಗಡಿಯವನಿಗಿದ್ದುದು ಅದಕ್ಕೆ ಒಂದು ಮುಖ್ಯ ಆಧಾರ. ಆ ದರ್ಜಿಗಳು ಅಂಗಡಿಯ ಮೆಷಿನ್ನಿನಲ್ಲಿ ಹೊಲಿಯುತ್ತಿದ್ದರು, ಅಕ್ಕನದು ಸ್ವಂತ ಮೆಷಿನ್ ಎಂದು ಯಾರಾದರೂ ವಾದಿಸಬಹುದು. ಅದಕ್ಕೂ ಉತ್ತರವಿದೆ: ಪಿ.ಎಂ. ಪಟೇಲ್ ಪ್ರಕರಣದಲ್ಲಿ ಇದೇ ನ್ಯಾಯಾಲಯ ಮನೆಯಲ್ಲಿ ಬೀಡಿ ಕಟ್ಟುವವರನ್ನು ಭವಿಷ್ಯನಿಧಿಗೆ (ಪಿಎಫ್) ಅರ್ಹರಾದ ನೌಕರರೆಂದು ಒಪ್ಪಿದಾಗ, ಮಾಲೀಕ ಪಕ್ಕದಲ್ಲಿ ನಿಂತು ನೋಡಬೇಕಿಲ್ಲ, ಕೊನೆಗೆ ತಿರಸ್ಕರಿಸುವ ಅಧಿಕಾರವೇ ಸಾಕಷ್ಟು ಹಿಡಿತ ಎಂಬ ಅರ್ಥದ ಮಾತನ್ನು ಹೇಳಿತು. ಹಾಗಿದ್ದರೆ ಅಂಗಿಗಳನ್ನು ಹಿಂದಕ್ಕೆ ಎಸೆದ ಆ ಗಳಿಗೆಯಲ್ಲೇ, ಅದನ್ನು ಎಸೆಯಿಸಿದ ವ್ಯಾಪಾರಿ ತಾನು ಧಣಿಯೆಂದು ಸಾಬೀತು ಮಾಡಿದಂತಾಯಿತು.

ಆಗುಂಬೆ ಘಾಟಿ ಇಳಿದರೆ ಕರಾವಳಿಯಲ್ಲಿ ಬೀಡಿ ಕಟ್ಟುವ ನಮ್ಮ ನೆಂಟರಿದ್ದಾರೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮತ್ತು ಅದರ ನಿಯಮಗಳಿಂದಾಗಿ ಅವರ ಕೈಗೆ ಲೆಕ್ಕದ ಪುಸ್ತಕ ಬಂತು, ಗುರುತಿನ ಚೀಟಿ ಬಂತು, ಎಷ್ಟು ಬೀಡಿಯನ್ನು ತಿರಸ್ಕರಿಸಬಹುದು ಎಂಬುದಕ್ಕೂ ಮಿತಿ ಬಿತ್ತು. ಮನೆಯಲ್ಲಿ ಕಾಜಾ ಹೊಲಿಯುವವರಿಗೆ, ಗುಂಡಿ ಹಚ್ಚುವವರಿಗೆ, ಸೀರೆಗೆ ಕುಚ್ಚು ಕಟ್ಟುವವರಿಗೆ ಇಂಥದ್ದೇನೂ ಇಲ್ಲ. ಮಾಚೇನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಬಸ್ಸು ಹಿಡಿಯುವ ಹೆಣ್ಣುಮಕ್ಕಳ ಬಳಿ ಕಡೇಪಕ್ಷ ಹಾಜರಿ ಕಾರ್ಡು, ಪಿಎಫ್ ನಂಬರ್ ಇರುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದು ಪಿಎಫ್ ನಿಯಮವನ್ನೇ ಹಿಂತೆಗೆಸಿದ್ದೂ ಅವರೆಲ್ಲ ಒಂದೇ ಗೇಟಿನಿಂದ ಒಟ್ಟಿಗೆ ಹೊರಬರುವವರಾದ್ದರಿಂದ. ಅಕ್ಕನ ಮನೆಗೆ ಅಂಥ ಗೇಟಿಲ್ಲ.

ಅಷ್ಟರಲ್ಲಿ 1948ರ ಆ ಕಾಯ್ದೆಯೇ ಬದಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಬಾಕಿ ಕೂಲಿ ಕೇಳುವ ಅವಧಿಯನ್ನು ಆರು ತಿಂಗಳಿಂದ ಮೂರು ವರ್ಷಕ್ಕೆ ಏರಿಸಿತು, ಅದು ಒಳ್ಳೆಯದೇ. ಆದರೆ ಮನೆಯಲ್ಲಿ ಕೂತು ಮಾಡಿಕೊಡುವವರನ್ನು ಹೆಸರಿಸಿ ಸೇರಿಸಿದ್ದ ಹಳೆಯ ವ್ಯಾಖ್ಯಾನದ ಸಾಲುಗಳು ಅದರಲ್ಲಿಲ್ಲ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅವರ ಹೆಸರಿದೆ ನಿಜ, ಆದರೆ ಅದು ನೋಂದಣಿ ಮತ್ತು ಯೋಜನೆಗಳ ದಾರಿ, ಕೂಲಿಯ ದಾರಿಯಲ್ಲ. ಈಗ ಅಕ್ಕನಂಥವರು ಮೇಲಿನ ತೀರ್ಪುಗಳನ್ನು ಹಿಡಿದು ತಾವು ನೌಕರರೆಂದು ಮೊದಲಿನಿಂದ ವಾದಿಸಬೇಕು. ಆಸ್ಟ್ರೇಲಿಯಾ 2012ರ ತಿದ್ದುಪಡಿಯಲ್ಲಿ ಬೇರೆಯೇ ದಾರಿ ಹಿಡಿಯಿತು: ಅಲ್ಲಿ ಮನೆಯಲ್ಲಿ ಬಟ್ಟೆ ಹೊಲಿಯುವವರನ್ನು ಕಾನೂನೇ ನೌಕರರೆಂದು ಭಾವಿಸುತ್ತದೆ, ಏಜೆಂಟ್ ಕೂಲಿ ಕೊಡದಿದ್ದರೆ ಅವನಿಗೆ ಕೆಲಸ ಒಪ್ಪಿಸಿದ ಮೇಲಿನವರನ್ನು ಕೇಳಬಹುದು. ನಮ್ಮಲ್ಲಿ ಆ ಸ್ಕೂಟರ್ ಯಾವ ಅಂಗಡಿಯಿಂದ ಹೊರಟಿತೆಂಬುದೇ ಅಕ್ಕನಿಗೆ ಗೊತ್ತಿಲ್ಲ.

ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗೋಣ ಎಂದೆ. ದೂರು ಕೊಟ್ಟರೆ ಮುಂದಿನ ಕಟ್ಟು ಬರುವುದಿಲ್ಲ ಎಂದು ಅವರು ಒಪ್ಪಲಿಲ್ಲ, ಒತ್ತಾಯಿಸುವ ಧೈರ್ಯ ನನಗೂ ಆಗಲಿಲ್ಲ. ನೂರು ಪುಟದ ನೋಟ್‌ಬುಕ್ ಒಂದನ್ನು ತಂದುಕೊಟ್ಟೆ. ತಾರೀಖು, ಕಟ್ಟಿನಲ್ಲಿದ್ದ ಅಂಗಿಗಳ ಸಂಖ್ಯೆ, ಹಿಂದಿರುಗಿಸಿದವು, ಕೈಗೆ ಬಂದ ಹಣ ಎಲ್ಲವನ್ನೂ ಅಕ್ಕ ಅದರಲ್ಲಿ ಬರೆಯುತ್ತಾರೆ. ಏಜೆಂಟ್ ಸಹಿ ಹಾಕಲು ಒಪ್ಪುವುದಿಲ್ಲವಾದ್ದರಿಂದ, ಕಟ್ಟು ಇಳಿಸುವ ಹೊತ್ತಿಗೆ ಅವರ ಮಗಳು ಕಿಟಕಿಯಲ್ಲಿ ನಿಂತು ಸ್ಕೂಟರಿನ ನಂಬರ್ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾಳೆ.